ಎಸ್‌ಜಿಪಿಟಿ ಏರಿದೆ ಎಂದು ಮಾತ್ರೆ ನಿಲ್ಲಿಸಬೇಕೆ? ರಕ್ತಕ್ಯಾನ್ಸರ್ ಚಿಕಿತ್ಸೆಯಲ್ಲಿ ಲಿವರ್‌ನ ಲೆಕ್ಕ

ಎರಡು ರಿಪೋರ್ಟ್‌ಗಳನ್ನು ಮುಂದಿಟ್ಟುಕೊಳ್ಳೋಣ. ಎರಡೂ ಲ್ಯುಕೇಮಿಯಾಕ್ಕೆ, ಅಂದರೆ ರಕ್ತಕ್ಯಾನ್ಸರಿಗೆ, ಕೀಮೋ ಪಡೆಯುತ್ತಿರುವವರದು. ಮೊದಲನೆಯದರಲ್ಲಿ ಎಸ್‌ಜಿಪಿಟಿ ಎಂಬ ಲಿವರ್ ಕಿಣ್ವ 240, ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ 0.7. ಎರಡನೆಯದರಲ್ಲಿ ಎಸ್‌ಜಿಪಿಟಿ 95, ಬಿಲಿರುಬಿನ್ 4.6, ಅದರಲ್ಲಿ ಡೈರೆಕ್ಟ್ (ಲಿವರ್ ಸಂಸ್ಕರಿಸಿದ ಭಾಗ) 3.8. ಮನೆಯವರು ಹೆದರುವುದು ಮೊದಲನೆಯದಕ್ಕೆ, 240 ಅಂದರೆ ಸಾಮಾನ್ಯ ಮಿತಿಯ ಆರು ಪಟ್ಟು. ಕ್ಯಾನ್ಸರ್ ವೈದ್ಯರು ಆತಂಕಪಡುವುದು ಎರಡನೆಯದಕ್ಕೆ.

ಈ ವ್ಯತ್ಯಾಸ ಗೊತ್ತಿಲ್ಲದಿರುವುದರಿಂದ ಆಗುವ ನಷ್ಟ ಎರಡು ಬಗೆಯದು. ಒಂದು, ಮುಂದುವರಿಸಬಹುದಾಗಿದ್ದ ಮಾತ್ರೆಯನ್ನು ಹೆದರಿ ನಿಲ್ಲಿಸುವುದು; ರೋಗ ಮರಳಲು ಅದು ದಾರಿ. ಇನ್ನೊಂದು, ‘ಕೀಮೋ ಅಂದಮೇಲೆ ಲಿವರ್ ಹಾಗೇ’ ಎಂದು ತಳ್ಳಿಹಾಕಿ ನಿಜವಾದ ಕಾರಣವನ್ನು ಬಿಟ್ಟುಬಿಡುವುದು. ಮಂಡ್ಯ, ಮೈಸೂರು ಜಿಲ್ಲೆಗಳ ಮಟ್ಟಿಗೆ ಈ ಮಾತು ಈಗ ಹೆಚ್ಚು ಮುಖ್ಯ. 2025ರಲ್ಲಿ ರಾಜ್ಯ ಸರ್ಕಾರ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಕೇಂದ್ರಗಳನ್ನು ಆರಂಭಿಸಿತು. ಚಿಕಿತ್ಸೆಯ ಯೋಜನೆ ಬೆಂಗಳೂರಿನ ಕಿದ್ವಾಯಿಯಲ್ಲೋ ಮೈಸೂರಿನ ದೊಡ್ಡಾಸ್ಪತ್ರೆಯಲ್ಲೋ ತಯಾರಾಗುತ್ತದೆ, ನಡುವಿನ ರಕ್ತಪರೀಕ್ಷೆ ನಾಗಮಂಗಲದ ಅಥವಾ ಕೆ.ಆರ್.ಪೇಟೆಯ ಲ್ಯಾಬಿನಲ್ಲಿ ಆಗುತ್ತದೆ, ಜ್ವರ ಬಂದರೆ ಊರಿನ ಕ್ಲಿನಿಕ್ಕು. ಓಡಾಟ ತಪ್ಪಿತು, ಒಳ್ಳೆಯದೇ. ಆದರೆ ಆ ರಿಪೋರ್ಟನ್ನು ಓದುವವರು ಯಾರು, ಯಾವ ಲೆಕ್ಕದಲ್ಲಿ ಓದಬೇಕು ಎಂಬುದು ಹಲವು ಸಲ ಯಾರ ಜವಾಬ್ದಾರಿಯೂ ಆಗಿರುವುದಿಲ್ಲ.

ಯಾವ ಅಂಕಿ ಏನು ಹೇಳುತ್ತದೆ

ಎಲ್‌ಎಫ್‌ಟಿ ಎಂಬ ಲಿವರ್ ಪರೀಕ್ಷೆಯ ಒಂದು ಹಾಳೆಯಲ್ಲಿ ಮೂರು ಬೇರೆ ಬೇರೆ ಸುದ್ದಿಗಳಿರುತ್ತವೆ. ಎಸ್‌ಜಿಪಿಟಿ, ಎಸ್‌ಜಿಒಟಿ ಅಂದರೆ ಲಿವರ್‌ನ ಜೀವಕೋಶಕ್ಕೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುವ ಕಿಣ್ವಗಳು. ಪೆಟ್ಟು ಬಿದ್ದಿದೆ ಎಂದಷ್ಟೇ ಅವು ಹೇಳುತ್ತವೆ. ಲಿವರ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಹೇಳುವುದಿಲ್ಲ. ಬಿಲಿರುಬಿನ್, ಅದರಲ್ಲೂ ಡೈರೆಕ್ಟ್ ಬಿಲಿರುಬಿನ್, ಪಿತ್ತವನ್ನು ಹೊರಹಾಕುವ ಕೆಲಸದ ಲೆಕ್ಕ. ಆಲ್ಬುಮಿನ್ ಮತ್ತು ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) ಲಿವರ್ ತಯಾರಿಸುವ ಪ್ರೋಟೀನುಗಳ ಲೆಕ್ಕ. ಕಿಣ್ವ ಮಾತ್ರ ಏರಿ ಉಳಿದೆರಡು ಸರಿಯಿದ್ದರೆ ಸಮಯ ಇದೆ. ಎಸ್‌ಜಿಪಿಟಿ ಮೂರು ಪಟ್ಟು ದಾಟಿ, ಜೊತೆಗೇ ಬಿಲಿರುಬಿನ್ ಎರಡು ಪಟ್ಟು ದಾಟಿ, ಪಿತ್ತನಾಳದಲ್ಲಿ ಅಡ್ಡಿ ಇಲ್ಲದೆಯೂ ಹಾಗಾಗಿದ್ದರೆ, ಅದು ಔಷಧಿಯಿಂದಾದ ಗಂಭೀರ ಹಾನಿಯ ಗುರುತು. ಅಂಥ ಹತ್ತು ರೋಗಿಗಳಲ್ಲಿ ಒಬ್ಬರ ಪ್ರಾಣಕ್ಕೆ ಅಪಾಯ ಎಂಬುದು ಔಷಧಶಾಸ್ತ್ರದ ಹಳೆಯ ಅಂದಾಜು.

ಇಲ್ಲೊಂದು ಅಪವಾದ ಇದೆ. ಡೈರೆಕ್ಟ್ ಸರಿಯಾಗಿದ್ದು ಇನ್‌ಡೈರೆಕ್ಟ್ ಮಾತ್ರ 2, 2.5 ಇದ್ದರೆ ಅದು ಹುಟ್ಟಿನಿಂದಲೇ ಬಂದ ಗಿಲ್ಬರ್ಟ್ ಗುಣ ಇರಬಹುದು. ಊಟ ಬಿಟ್ಟ ದಿನ, ವಾಂತಿಯಾದ ದಿನ ಇದು ಇನ್ನಷ್ಟು ಏರುತ್ತದೆ. ಕೆಂಪು ರಕ್ತಕಣ ಒಡೆಯುತ್ತಿದ್ದರೂ ಹೀಗೇ ಆಗುತ್ತದೆ. ಆದ್ದರಿಂದ ‘ಟೋಟಲ್ ಬಿಲಿರುಬಿನ್’ ಒಂದನ್ನೇ ಬರೆದುಕೊಟ್ಟ ರಿಪೋರ್ಟಿನ ಮೇಲೆ ಕೀಮೋ ತೀರ್ಮಾನ ಮಾಡಲಾಗದು. ಲ್ಯಾಬಿನಲ್ಲಿ ಡೈರೆಕ್ಟ್ ಬೇರೆಯಾಗಿ ಕೇಳಿ ಬರೆಸಿಕೊಳ್ಳಬೇಕು.

ಮೊದಲ ರಕ್ತದ ಚೀಲಕ್ಕೂ ಮುಂಚೆ

ಚಿಕಿತ್ಸೆ ಶುರುವಾಗುವ ಮೊದಲೇ ಲಿವರ್ ದೊಡ್ಡದಾಗಿರುವುದು, ಕಿಣ್ವಗಳು ಏರಿರುವುದು ಲ್ಯುಕೇಮಿಯಾದಲ್ಲಿ ಸಾಮಾನ್ಯ. ಕ್ಯಾನ್ಸರ್ ಕಣಗಳೇ ಲಿವರ್‌ನೊಳಗೆ ತುಂಬಿಕೊಂಡಿರುತ್ತವೆ. ಸ್ಟೀರಾಯ್ಡ್ ಕೊಟ್ಟ ಮೊದಲ ವಾರದಲ್ಲೇ ಅದು ಇಳಿಯತೊಡಗುತ್ತದೆ. ಈ ಏರಿಕೆಗೆ ಹೆದರಿ ಚಿಕಿತ್ಸೆಯನ್ನೇ ತಡ ಮಾಡಿದರೆ ಕಾಯಿಲೆಗೆ ಅವಕಾಶ ಕೊಟ್ಟಂತೆ.

ಆ ಹೊತ್ತಿನಲ್ಲಿ ತಪ್ಪದೆ ಆಗಬೇಕಾದ ಕೆಲಸ ಹೆಪಟೈಟಿಸ್ ಬಿ ಪರೀಕ್ಷೆ. ಸಾಮಾನ್ಯವಾಗಿ ಮಾಡುವುದು ವೈರಸ್ಸಿನ ಹೊರಕವಚವನ್ನು ಹುಡುಕುವ ಎಚ್‌ಬಿಎಸ್‌ಎಜಿ ಒಂದನ್ನೇ. ಅದು ಸಾಲದು. ಹಿಂದೆಂದೋ ಸೋಂಕು ಬಂದು ಹೋದವರಲ್ಲಿ ಎಚ್‌ಬಿಎಸ್‌ಎಜಿ ನೆಗೆಟಿವ್ ಬರುತ್ತದೆ, ಆದರೆ ವೈರಸ್ಸಿನ ಮೂಲ ಲಿವರ್‌ನ ಕೋಶದೊಳಗೆ ಉಳಿದೇ ಇರುತ್ತದೆ. ಅದನ್ನು ತೋರಿಸುವುದು ಆ್ಯಂಟಿ-ಎಚ್‌ಬಿಸಿ ಟೋಟಲ್ ಎಂಬ ಇನ್ನೊಂದು ಪರೀಕ್ಷೆ. ಇದರ ರಕ್ತವನ್ನು ಮೊದಲ ರಕ್ತದ ಚೀಲ ಅಥವಾ ಪ್ಲೇಟ್‌ಲೆಟ್ ಏರಿಸುವ ಮುಂಚೆಯೇ ತೆಗೆದಿಡಬೇಕು. ಏಕೆಂದರೆ ದಾನಿಯ ರಕ್ತದಲ್ಲಿರುವ ಪ್ರತಿಕಾಯ ರೋಗಿಯ ದೇಹಕ್ಕೆ ಬಂದು ಪರೀಕ್ಷೆ ಸುಳ್ಳಾಗಿ ಪಾಸಿಟಿವ್ ತೋರಿಸಬಹುದು; ಆಮೇಲೆ ಅದು ರೋಗಿಯದೋ ದಾನಿಯದೋ ಎಂದು ಬಿಡಿಸಿ ಹೇಳುವುದು ಕಷ್ಟ. ಹಿಮೋಗ್ಲೋಬಿನ್ 4 ಇಟ್ಟುಕೊಂಡು ರಾತ್ರಿ ಬಂದವರಿಗೆ ಮೊದಲು ರಕ್ತ ಹಾಕುವುದೇ ಸರಿ, ಆದರೆ ಆ ಸೂಜಿಯಿಂದಲೇ 5 ಎಂಎಲ್ ಎಳೆದಿಟ್ಟರೆ ಸಾಕು.

ಇಷ್ಟೊಂದು ಒತ್ತಿ ಹೇಳಲು ಕಾರಣ ಇದೆ. ಎಚ್‌ಬಿಎಸ್‌ಎಜಿ ಪಾಸಿಟಿವ್ ಇದ್ದವರಿಗೆ ತಡೆ ಔಷಧಿ ಇಲ್ಲದೆ ಕೀಮೋ ಕೊಟ್ಟರೆ ಐವರಲ್ಲಿ ಒಬ್ಬರಿಂದ ಹಿಡಿದು ಇಬ್ಬರಲ್ಲಿ ಒಬ್ಬರವರೆಗೆ ವೈರಸ್ ಮತ್ತೆ ಎದ್ದೇಳುತ್ತದೆ. ಸ್ಟೀರಾಯ್ಡ್ ಇದ್ದಾಗ ವೈರಸ್ ಸದ್ದಿಲ್ಲದೆ ಬೆಳೆಯುತ್ತದೆ. ಸ್ಟೀರಾಯ್ಡ್ ನಿಂತು ಬಿಳಿ ರಕ್ತಕಣ ಚೇತರಿಸಿಕೊಂಡಾಗ, ಅವೇ ಕಣಗಳು ಸೋಂಕು ತಗುಲಿದ ಲಿವರ್ ಕೋಶಗಳ ಮೇಲೆ ಮುಗಿಬೀಳುತ್ತವೆ. ಆದ್ದರಿಂದಲೇ ರೋಗಿ ‘ಸುಧಾರಿಸಿದರು’ ಎನ್ನುವ ವಾರದಲ್ಲಿ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಎಸ್‌ಜಿಪಿಟಿ ಏರುವ ಹೊತ್ತಿಗೆ ವೈರಸ್ಸಿನ ಸಂಖ್ಯೆ ಏರಿ ಹಲವು ವಾರ ಕಳೆದಿರುತ್ತದೆ.

ತಡೆಯುವುದು ಸುಲಭ. ದೊಡ್ಡವರಿಗೆ ಎಂಟೆಕವಿರ್ ದಿನಕ್ಕೆ 0.5 ಮಿ.ಗ್ರಾಂ, ಖಾಲಿ ಹೊಟ್ಟೆಯಲ್ಲಿ, ಊಟವಾಗಿ ಎರಡು ಗಂಟೆ ಬಿಟ್ಟು, ಮುಂದಿನ ಊಟಕ್ಕೆ ಎರಡು ಗಂಟೆ ಮುಂಚೆ. ಊಟದ ಜೊತೆ ನುಂಗಿದರೆ ದೇಹಕ್ಕೆ ಸೇರುವುದು ಕಡಿಮೆ. ಇಲ್ಲವೇ ಟೆನೊಫೊವಿರ್, ಕಿಡ್ನಿ ಸರಿಯಿದ್ದರೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಔಷಧಿ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಕೀಮೋ ಮುಗಿದ ಮೇಲೂ ಕನಿಷ್ಠ 6ರಿಂದ 12 ತಿಂಗಳು, ರಿಟುಕ್ಸಿಮ್ಯಾಬ್ ಎಂಬ ಪ್ರತಿಕಾಯ ಔಷಧಿ ಪಡೆದಿದ್ದರೆ ಇನ್ನೂ ಹೆಚ್ಚು ಕಾಲ ಇದನ್ನು ಮುಂದುವರಿಸಬೇಕು. ‘ಕೀಮೋ ಮುಗೀತಲ್ಲ, ಇನ್ನು ಈ ಮಾತ್ರೆ ಯಾಕೆ’ ಎಂದು ಬಿಟ್ಟವರಲ್ಲಿ ವೈರಸ್ ಎರಡನೇ ಸಲ ಏಳುವುದುಂಟು.

ಇಂಡಕ್ಷನ್ ತಿಂಗಳು

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಎಎಲ್‌ಎಲ್ ಎಂಬ ಲ್ಯುಕೇಮಿಯಾದಲ್ಲಿ ಮೊದಲ ನಾಲ್ಕೈದು ವಾರದ ಹಂತವೇ ಇಂಡಕ್ಷನ್: ಸ್ಟೀರಾಯ್ಡ್, ವಿನ್‌ಕ್ರಿಸ್ಟೀನ್, ಆಸ್ಪರಾಜಿನೇಸ್, ಕೆಲವರಿಗೆ ಡಾನೊರುಬಿಸಿನ್. ಇದರಲ್ಲಿ ಲಿವರ್‌ಗೆ ಅತಿ ಭಾರ ಆಸ್ಪರಾಜಿನೇಸ್. ಲ್ಯುಕೇಮಿಯಾ ಕಣಗಳಿಗೆ ಬೇಕಾದ ಆಸ್ಪರಾಜಿನ್ ಎಂಬ ಅಮೈನೊ ಆಮ್ಲವನ್ನು ಅದು ರಕ್ತದಲ್ಲಿ ಇಲ್ಲದಂತೆ ಮಾಡುತ್ತದೆ. ಲಿವರ್ ಕೂಡ ಪ್ರೋಟೀನ್ ಕಟ್ಟುವ ಅಂಗ. ಅದರ ಕೆಲಸವೂ ಅಷ್ಟು ದಿನ ನಿಧಾನವಾಗುತ್ತದೆ. ಹಾಗಾಗಿ ಆಲ್ಬುಮಿನ್ 2.2ಕ್ಕೆ ಇಳಿಯುವುದು, ಹೆಪ್ಪುಗಟ್ಟಿಸುವ ಪ್ರೋಟೀನಾದ ಫೈಬ್ರಿನೊಜೆನ್ ಕುಸಿಯುವುದು, ಐಎನ್‌ಆರ್ ಸ್ವಲ್ಪ ಏರುವುದು ಬಹುಮಟ್ಟಿಗೆ ಔಷಧಿಯ ಗುಣವೇ, ಲಿವರ್ ಸೋತಿದ್ದರ ಲಕ್ಷಣ ಅಲ್ಲ. ವಿಚಿತ್ರವೆಂದರೆ ಇಲ್ಲಿ ರಕ್ತಸ್ರಾವಕ್ಕಿಂತ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು, ಹೆಪ್ಪನ್ನು ತಡೆಯುವ ಆ್ಯಂಟಿಥ್ರಾಂಬಿನ್ ಕೂಡ ಕಡಿಮೆಯಾಗಿರುತ್ತದೆ. ಆದ್ದರಿಂದ ರಿಪೋರ್ಟಿನಲ್ಲಿ ಐಎನ್‌ಆರ್ 1.6 ಕಂಡ ಕೂಡಲೇ ಪ್ಲಾಸ್ಮಾ ಏರಿಸುವುದು ಪ್ರತಿಸಲ ಒಳ್ಳೆಯದಲ್ಲ. ಆ ಪ್ಲಾಸ್ಮಾದಲ್ಲಿ ಆಸ್ಪರಾಜಿನ್ ಕೂಡ ಇರುತ್ತದೆ.

ನಿಜವಾದ ತೊಂದರೆ ಬಿಲಿರುಬಿನ್ ಏರಿದಾಗ. ಪೆಗಾಸ್ಪರ್ಗೇಸ್ ಎಂಬ ದೀರ್ಘಕಾಲ ಉಳಿಯುವ ರೂಪ ಕೊಟ್ಟಿದ್ದರೆ ಕಾಮಾಲೆ ಮರುದಿನ ಬರುವುದಿಲ್ಲ, ಎರಡು ಮೂರು ವಾರದ ಮೇಲೆ ಬರುತ್ತದೆ. ಅಷ್ಟರಲ್ಲಿ ರೋಗಿ ಮನೆಗೆ ಹೋಗಿ, ಇಂಜೆಕ್ಷನ್ನಿನ ನೆನಪೂ ಮಾಸಿರುತ್ತದೆ. ಬೊಜ್ಜು, ಸಕ್ಕರೆ ಕಾಯಿಲೆ, ಮೊದಲೇ ಇರುವ ಫ್ಯಾಟಿ ಲಿವರ್, ನಲವತ್ತು ದಾಟಿದ ವಯಸ್ಸು: ಇವರಲ್ಲಿ ಅಪಾಯ ಹೆಚ್ಚು. ಅನ್ನ, ಮುದ್ದೆಯ ಪ್ರಮಾಣ ಹೆಚ್ಚಿದ್ದು ಮೈದಣಿಕೆ ಕಡಿಮೆಯಾದ ನಮ್ಮ ಕಡೆಯ ನಡುವಯಸ್ಸಿನವರಲ್ಲಿ ಫ್ಯಾಟಿ ಲಿವರ್ ಅಪರೂಪವೇನಲ್ಲ, ಹಾಗಾಗಿ ದೊಡ್ಡವರಲ್ಲಿ ಡೋಸ್ ಇಳಿಸಿ ಕೊಡುವ ರೂಢಿ ಇದೆ. ಡೈರೆಕ್ಟ್ ಬಿಲಿರುಬಿನ್ 3 ದಾಟಿದರೆ ಸಾಮಾನ್ಯವಾಗಿ ಮುಂದಿನ ಡೋಸ್ ತಡೆಹಿಡಿದು, 2ರ ಒಳಗೆ ಬಂದ ಮೇಲೆ ಯೋಚಿಸುತ್ತಾರೆ. ಕೆಲವು ಕೇಂದ್ರಗಳಲ್ಲಿ ಎಲ್-ಕಾರ್ನಿಟೀನ್ ಮತ್ತು ಬಿ ಕಾಂಪ್ಲೆಕ್ಸ್ ಕೊಡುತ್ತಾರೆ. ಬೇಗ ಇಳಿದ ಅನುಭವಗಳು ವರದಿಯಾಗಿವೆ, ಗಟ್ಟಿ ಪುರಾವೆ ಎನ್ನುವಷ್ಟಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಬೆನ್ನಿಗೆ ಇರಿದಂಥ ನೋವು ಇದ್ದರೆ ಮೇದೋಜೀರಕದ ಊತ ನೋಡಲು ಲೈಪೇಸ್, ಟ್ರೈಗ್ಲಿಸರೈಡ್ ಮಾಡಿಸಬೇಕು. ಮಾತು ತೊದಲಿ ಮಂಪರು ಬಂದರೆ ರಕ್ತದ ಅಮೋನಿಯಾ ಪರೀಕ್ಷೆ.

ಬಿಲಿರುಬಿನ್ ಏರಿದಾಗ ಇನ್ನೊಂದು ಸರಪಳಿ ಶುರುವಾಗುತ್ತದೆ, ಅದನ್ನು ಮರೆಯುವುದೇ ಹೆಚ್ಚು. ವಿನ್‌ಕ್ರಿಸ್ಟೀನ್ ಮತ್ತು ಡಾನೊರುಬಿಸಿನ್ ದೇಹದಿಂದ ಹೊರಹೋಗುವುದು ಪಿತ್ತದ ದಾರಿಯಲ್ಲಿ. ದಾರಿ ಕಟ್ಟಿದರೆ ಅದೇ ಡೋಸ್ ಎರಡು ಡೋಸಿನ ಕೆಲಸ ಮಾಡುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ಡೈರೆಕ್ಟ್ ಬಿಲಿರುಬಿನ್ 3 ದಾಟಿದರೆ ವಿನ್‌ಕ್ರಿಸ್ಟೀನ್ ಅರ್ಧ, 5 ದಾಟಿದರೆ ಕಾಲು ಭಾಗ, 6 ದಾಟಿದರೆ ಆ ವಾರ ಇಲ್ಲ. ಇಳಿಸದೆ ಕೊಟ್ಟರೆ ಮಲ ಕಟ್ಟಿ ಹೊಟ್ಟೆ ಉಬ್ಬುತ್ತದೆ, ದವಡೆ ನೋಯುತ್ತದೆ, ಪಾದ ಎತ್ತಲಾಗದೆ ಚಪ್ಪಲಿ ಜಾರುತ್ತದೆ, ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಫಂಗಸ್ಸಿಗೆ ಕೊಡುವ ಇಟ್ರಕೊನಜೋಲ್, ವೊರಿಕೊನಜೋಲ್, ಪೊಸಕೊನಜೋಲ್ ಕೂಡ ವಿನ್‌ಕ್ರಿಸ್ಟೀನ್ ಕರಗುವುದನ್ನು ತಡೆದು ಇದೇ ಪರಿಣಾಮ ಮಾಡುತ್ತವೆ. ಊರಿನಲ್ಲಿ ಬಾಯಿಹುಣ್ಣಿಗೋ ಹುಳುಕಡ್ಡಿಗೋ ಯಾರೋ ಬರೆದುಕೊಟ್ಟ ಇಟ್ರಕೊನಜೋಲ್ ಕ್ಯಾಪ್ಸೂಲ್ ಎಷ್ಟು ಸಣ್ಣ ವಿಷಯ ಅನ್ನಿಸುತ್ತದೆ! ವಿನ್‌ಕ್ರಿಸ್ಟೀನ್ ನಡೆಯುತ್ತಿರುವ ಮಗುವಿನಲ್ಲಿ ಅದು ಸಣ್ಣದಲ್ಲ.

ಎರಡು ವರ್ಷದ ಮಾತ್ರೆಗಳು

ರೋಗ ಮರಳದಂತೆ ಮಾತ್ರೆ ಕೊಡುವ ಮೇಂಟೆನೆನ್ಸ್ ಹಂತ ಎರಡರಿಂದ ಎರಡೂವರೆ ವರ್ಷ. ಔಷಧಿ ಮುಖ್ಯವಾಗಿ ಎರಡು: 6-ಮರ್ಕ್ಯಾಪ್ಟೊಪ್ಯೂರಿನ್ (6-ಎಂಪಿ) ದಿನಾ, ಮೆಥೊಟ್ರೆಕ್ಸೇಟ್ ವಾರಕ್ಕೊಂದು ಸಲ. ಎಸ್‌ಜಿಪಿಟಿಯ ತಕರಾರು ಹೆಚ್ಚು ಬರುವುದೂ, ತಪ್ಪು ತೀರ್ಮಾನ ಹೆಚ್ಚು ಆಗುವುದೂ ಇಲ್ಲೇ.

ಲೆಕ್ಕ ಹೀಗೆ. ಸುಮಾರು 20 ಕಿಲೋ ತೂಕದ ಮಗುವಿನ ಮೈಮೇಲ್ಮೈ 0.8 ಚದರ ಮೀಟರ್. ಚದರ ಮೀಟರಿಗೆ 60 ಮಿ.ಗ್ರಾಂ ಎಂದರೆ 6-ಎಂಪಿ 48 ಮಿ.ಗ್ರಾಂ, ಅಂದರೆ 50ರ ಒಂದು ಮಾತ್ರೆ. ಮೆಥೊಟ್ರೆಕ್ಸೇಟ್ ಚದರ ಮೀಟರಿಗೆ 20, ಅಂದರೆ 16 ಮಿ.ಗ್ರಾಂ: ಹತ್ತಿರದ ಲೆಕ್ಕಕ್ಕೆ 2.5ರ ಆರು ಮಾತ್ರೆ, ವಾರದಲ್ಲಿ ಒಂದೇ ದಿನ. ಅಪಾಯ ಇರುವುದು ಈ ಆರರಲ್ಲಿ. ಅಂಗಡಿಯಲ್ಲಿ 2.5 ಸಿಗದೆ 10ರ ಸ್ಟ್ರಿಪ್ ಕೊಟ್ಟು ಮನೆಯವರು ಎಂದಿನಂತೆ ಆರು ನುಂಗಿಸಿದರೆ 60 ಮಿ.ಗ್ರಾಂ ಆಯಿತು. ಇಲ್ಲವೇ ವಾರದ ಮಾತ್ರೆಯನ್ನು ದಿನದ ಮಾತ್ರೆ ಎಂದು ತಿಳಿದರೆ ನಾಲ್ಕೈದು ದಿನದಲ್ಲಿ ಬಾಯೆಲ್ಲ ಹುಣ್ಣು, ಬಿಳಿ ಕಣ ನೆಲ ಕಚ್ಚುತ್ತದೆ, ಲಿವರ್ ಮತ್ತು ಕಿಡ್ನಿ ಒಟ್ಟಿಗೆ ಕೆಡುತ್ತವೆ. ಇದಕ್ಕೆ ಪ್ರತಿಮದ್ದು ಲ್ಯೂಕೊವೊರಿನ್. ಮನೆಯಲ್ಲಿರುವ ಫೋಲಿಕ್ ಆಸಿಡ್ ಮಾತ್ರೆ ಆ ಕೆಲಸ ಮಾಡದು. ‘ಸೋಮವಾರ’ ಎಂದು ಸ್ಟ್ರಿಪ್ಪಿನ ಮೇಲೆ ಕನ್ನಡದಲ್ಲಿ ಬರೆದು, 6-ಎಂಪಿಯ ಡಬ್ಬಿಯಿಂದ ದೂರ ಇಡುವುದು ದುಬಾರಿಯ ಉಪಾಯವೇನಲ್ಲ.

ಇನ್ನು 6-ಎಂಪಿ ದೇಹದೊಳಗೆ ಎರಡು ದಾರಿ ಹಿಡಿಯುತ್ತದೆ. ಒಂದು ದಾರಿಯಲ್ಲಿ ಥಯೊಗ್ವಾನಿನ್ ಆಗಿ ಲ್ಯುಕೇಮಿಯಾ ಕಣವನ್ನು ಕೊಲ್ಲುತ್ತದೆ, ಜೊತೆಗೆ ಮಜ್ಜೆಯನ್ನೂ ತಗ್ಗಿಸುತ್ತದೆ. ಇನ್ನೊಂದು ದಾರಿಯಲ್ಲಿ ಮೀಥೈಲ್ ರೂಪ ತಳೆದು ಲಿವರ್‌ಗೆ ಭಾರವಾಗುತ್ತದೆ. ಯಾವ ದಾರಿ ಎಷ್ಟು ಎಂಬುದು ಹುಟ್ಟುಗುಣ. ಎರಡನೆಯ ದಾರಿ ಜೋರಾಗಿರುವವರಲ್ಲಿ ಒಂದು ಬಲೆ ಇದೆ: ಬಿಳಿ ಕಣ ಇಳಿಯುವುದಿಲ್ಲ, ಆದ್ದರಿಂದ ವೈದ್ಯರು ಡೋಸ್ ಏರಿಸುತ್ತಾರೆ, ಏರಿಸಿದ್ದೆಲ್ಲ ಮೀಥೈಲ್ ದಾರಿಗೇ ಹೋಗಿ ಎಸ್‌ಜಿಪಿಟಿ 300, 400 ಆಗುತ್ತದೆ, ಕಣ ಮಾತ್ರ ಹಾಗೇ. ಇಂಥವರಿಗೆ ಕೆಲವು ತಜ್ಞರು 6-ಎಂಪಿಯನ್ನು ಮೂರನೇ ಅಥವಾ ನಾಲ್ಕನೇ ಒಂದು ಭಾಗಕ್ಕೆ ಇಳಿಸಿ ಅಲೊಪ್ಯುರಿನಾಲ್ ಸೇರಿಸಿ ದಾರಿ ಬದಲಿಸುತ್ತಾರೆ. ಅದೇ ಅಲೊಪ್ಯುರಿನಾಲನ್ನು ಯೂರಿಕ್ ಆಸಿಡ್ ಜಾಸ್ತಿ ಇದೆ ಎಂದು ಬೇರೊಬ್ಬರು ಪೂರ್ತಿ ಡೋಸ್ 6-ಎಂಪಿ ಮೇಲೆ ಸೇರಿಸಿದರೆ ಎರಡು ವಾರದಲ್ಲಿ ಬಿಳಿ ಕಣ ಸೊನ್ನೆಯ ಹತ್ತಿರ. ನಮ್ಮ ದೇಶದವರಲ್ಲಿ ಮಜ್ಜೆ ಅತಿಯಾಗಿ ಕುಸಿಯಲು ಎನ್‌ಯುಡಿಟಿ15 ಎಂಬ ಜೀನಿನ ವ್ಯತ್ಯಾಸವೂ ಕಾರಣ. ಪಾಶ್ಚಾತ್ಯರಲ್ಲಿ ಹೆಚ್ಚು ಮಾತಾಡುವ ಟಿಪಿಎಂಟಿ ಎಂಬ ಜೀನಿಗಿಂತ ಏಷ್ಯಾದವರಿಗೆ ಇದರ ಪರೀಕ್ಷೆ ಹೆಚ್ಚು ಉಪಯೋಗ.

ಹಾಗಾದರೆ ಎಸ್‌ಜಿಪಿಟಿ ಎಷ್ಟಾದರೆ ನಿಲ್ಲಿಸಬೇಕು? ಚಿಕಿತ್ಸೆಯ ಒಂದು ಪ್ರೋಟೊಕಾಲಿನಿಂದ (ಯೋಜನೆಯಿಂದ) ಇನ್ನೊಂದಕ್ಕೆ ಮಿತಿ ಬೇರೆ. ಬಿಲಿರುಬಿನ್ ಸರಿಯಿದ್ದರೆ ಐದು ಪಟ್ಟಿನವರೆಗೆ, ಅಂದರೆ ಸುಮಾರು 200ರವರೆಗೆ, ಬಹುತೇಕ ಎಲ್ಲರೂ ಮುಂದುವರಿಸುತ್ತಾರೆ. ಅದರ ಮೇಲೆ ಕಾರಣ ಹುಡುಕುತ್ತ, ಆಗಾಗ ಪರೀಕ್ಷಿಸುತ್ತ ಹೋಗುವುದು. ಹತ್ತು ಪಟ್ಟಿನಲ್ಲಿ ನಿಲ್ಲಿಸುವವರಿದ್ದಾರೆ, ಇಪ್ಪತ್ತು ಪಟ್ಟಿನವರೆಗೆ ಕಾಯುವವರೂ ಇದ್ದಾರೆ. ಆದರೆ ಡೈರೆಕ್ಟ್ ಬಿಲಿರುಬಿನ್ 2 ದಾಟಿತೆಂದರೆ ಭಿನ್ನಾಭಿಪ್ರಾಯವಿಲ್ಲ, ಮಾತ್ರೆ ತಡೆಹಿಡಿದು ಕಾರಣ ನೋಡಬೇಕು. ಮೊದಲ ಸಾಲಿನಲ್ಲಿ ಕಂಡ 240ರ ರಿಪೋರ್ಟಿಗೆ ಉತ್ತರ ಇದೇ: ತಜ್ಞರಿಗೆ ಕಳಿಸಿ, ಒಂದೆರಡು ವಾರದಲ್ಲಿ ಮತ್ತೆ ನೋಡಿ, ಅವರು ಹೇಳುವ ತನಕ ಮಾತ್ರೆ ನಡೆಯಲಿ.

ಹೀಗೆ ಧೈರ್ಯವಾಗಿ ಹೇಳಲು ಆಧಾರವಿದೆ. ಈ ಏರಿಕೆ ಬಹುಮಟ್ಟಿಗೆ ಮಾತ್ರೆ ಮುಗಿದ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ, ಶಾಶ್ವತ ಸಿರೋಸಿಸ್ ಆಗುವುದು ವಿರಳ. ಬಿಟ್ಟ ಮಾತ್ರೆಯ ಬೆಲೆ ಅದಕ್ಕಿಂತ ದೊಡ್ಡದು: 6-ಎಂಪಿಯನ್ನು ನೂರಕ್ಕೆ 95ಕ್ಕಿಂತ ಕಡಿಮೆ ದಿನ ತೆಗೆದುಕೊಂಡ ಮಕ್ಕಳಲ್ಲಿ ರೋಗ ಮರಳುವ ಸಂಭವ ಎರಡು ಮೂರು ಪಟ್ಟು ಹೆಚ್ಚು ಎಂದು ಅಮೆರಿಕದ ದೊಡ್ಡ ಅಧ್ಯಯನಗಳು ತೋರಿಸಿವೆ. 95 ಎಂದರೆ ತಪ್ಪಬಹುದಾದದ್ದು ತಿಂಗಳಿಗೆ ಒಂದೂವರೆ ದಿನ ಅಷ್ಟೇ. ಊರ ಹಬ್ಬಕ್ಕೆ ಎರಡು ದಿನ, ನೆಗಡಿ ಎಂದು ಎರಡು ದಿನ ಬಿಟ್ಟರೆ ಆ ಗಡಿ ದಾಟಿತು. ಹಾಲಿನ ಜೊತೆ ಕೊಡಬಾರದು, ರಾತ್ರಿಯೇ ಕೊಡಬೇಕು ಎಂಬ ಹಳೆಯ ಕಟ್ಟುನಿಟ್ಟು ಅಷ್ಟು ಮುಖ್ಯವಲ್ಲವೆಂದು ಈಗ ಗೊತ್ತಾಗಿದೆ. ದಿನಾ ಒಂದೇ ಹೊತ್ತಿಗೆ ತಪ್ಪದೆ ಕೊಡುವುದೇ ಮುಖ್ಯ.

ಹೈ ಡೋಸ್ ಮೆಥೊಟ್ರೆಕ್ಸೇಟ್ ವಿಷಯದಲ್ಲೂ ಇದೇ ಮಾತು. ಡ್ರಿಪ್ ಆದ ಎರಡು ಮೂರು ದಿನದಲ್ಲಿ ಎಸ್‌ಜಿಪಿಟಿ ಹತ್ತಿಪ್ಪತ್ತು ಪಟ್ಟು ಹಾರಿ ಎರಡು ವಾರದಲ್ಲಿ ಇಳಿಯುತ್ತದೆ. ಅಲ್ಲಿ ನಿಗಾ ಬೇಕಾದ್ದು ಕ್ರಿಯಾಟಿನಿನ್ ಮತ್ತು ಮೆಥೊಟ್ರೆಕ್ಸೇಟ್ ಮಟ್ಟದ ಮೇಲೆ. ಆ ವಾರ ನೋವಿನ ಮಾತ್ರೆ, ಗ್ಯಾಸ್ಟ್ರಿಕ್‌ಗೆ ಕೊಡುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಬೇಡ, ಔಷಧಿ ಹೊರಹೋಗುವುದನ್ನು ಅವು ತಡೆಯುತ್ತವೆ.

ಬೇರೆ ಲ್ಯುಕೇಮಿಯಾಗಳ ಬಗ್ಗೆ ಚುಟುಕಾಗಿ. ಸಿಎಂಎಲ್ ಎಂಬ ದೀರ್ಘಕಾಲದ ಲ್ಯುಕೇಮಿಯಾಕ್ಕೆ ಇಮಾಟಿನಿಬ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎಸ್‌ಜಿಪಿಟಿ ಐದು ಪಟ್ಟು ಅಥವಾ ಬಿಲಿರುಬಿನ್ ಮೂರು ಪಟ್ಟು ದಾಟಿದರೆ ನಿಲ್ಲಿಸಿ, ಎರಡೂವರೆ ಮತ್ತು ಒಂದೂವರೆ ಪಟ್ಟಿನೊಳಗೆ ಬಂದ ಮೇಲೆ 400 ಮಿ.ಗ್ರಾಂ ಬದಲು 300ರಿಂದ ಮತ್ತೆ ಶುರು ಮಾಡುವುದು ಪದ್ಧತಿ. ಈ ಗುಂಪಿನ ಮಾತ್ರೆಗಳಲ್ಲೂ ಹೆಪಟೈಟಿಸ್ ಬಿ ಏಳಬಹುದೆಂದು 2016ರಲ್ಲಿ ಯುರೋಪಿನ ಔಷಧ ಸಂಸ್ಥೆ ಎಚ್ಚರಿಸಿತು, ಆದ್ದರಿಂದ ‘ಇದು ಬರೀ ಮಾತ್ರೆ’ ಎಂದು ಆ ಪರೀಕ್ಷೆ ಬಿಡುವಂತಿಲ್ಲ. ದೇವನಹಳ್ಳಿಯ ಚಕ್ಕೋತ ಗ್ರೇಪ್‌ಫ್ರೂಟಿನ ನೆಂಟ. ಇಮಾಟಿನಿಬ್ ಕರಗಿಸುವ ಕಿಣ್ವಕ್ಕೆ ಅಡ್ಡಿ ಮಾಡುವ ಜಾತಿ, ದೂರ ಇಟ್ಟರೆ ವಾಸಿ. ಎಪಿಎಲ್ ಎಂಬ ಇನ್ನೊಂದು ಬಗೆಯ ಲ್ಯುಕೇಮಿಯಾಕ್ಕೆ ಕೊಡುವ ಆಟ್ರಾ ಮತ್ತು ಆರ್ಸೆನಿಕ್ ಔಷಧಿಗಳ ಜೋಡಿಯಲ್ಲಿ ಕಿಣ್ವ ಏರುವುದು ತೀರಾ ಸಾಮಾನ್ಯ. ಕೆಲವು ದಿನ ತಡೆದು ಕಡಿಮೆ ಡೋಸಿನಲ್ಲಿ ಮುಂದುವರಿಸುತ್ತಾರೆ, ಅಷ್ಟಕ್ಕೇ ಗುಣವಾಗುವ ಕಾಯಿಲೆಯ ಚಿಕಿತ್ಸೆ ಕೈಬಿಡುವುದಿಲ್ಲ.

ಕೀಮೋ ಮೇಲೆ ಹೊರಿಸಬಾರದ ಕಾರಣಗಳು

ಜೂನ್‌ನಿಂದ ಅಕ್ಟೋಬರ್‌ವರೆಗೆ ಮೈಸೂರು ಸೀಮೆಯಲ್ಲಿ ಡೆಂಗಿ ಕಾಲ. ಪ್ಲೇಟ್‌ಲೆಟ್ ಇಳಿದು ಕಿಣ್ವ ಏರಿದರೆ ಕೀಮೋ ರೋಗಿಯಲ್ಲಿ ಅದು ಔಷಧಿಯದೇ ಎಂದು ಕಾಣುತ್ತದೆ. ಎಸ್‌ಜಿಒಟಿ ಎಸ್‌ಜಿಪಿಟಿಗಿಂತ ಸಾಕಷ್ಟು ಹೆಚ್ಚಿದ್ದು ಜ್ವರವೂ ಇದ್ದರೆ ಡೆಂಗಿ ಪತ್ತೆಯ ಎನ್‌ಎಸ್1 ಪರೀಕ್ಷೆ ಮಾಡಿಸದೆ ಬಿಡಬಾರದು. ಹೆಪಟೈಟಿಸ್ ಎ, ಇ ನೀರಿನಿಂದ ಬರುವಂಥವು. ಸೋಂಕಿನೊಡನೆ ಹೋರಾಡುವ ಬಿಳಿ ಕಣವಾದ ನ್ಯೂಟ್ರೊಫಿಲ್ 500ರ ಕೆಳಗಿದ್ದು ಜ್ವರ ಇರುವಾಗ ಏರುವ ಬಿಲಿರುಬಿನ್ ಸೋಂಕು ರಕ್ತಕ್ಕೆ ಇಳಿದುದರ ಸೂಚನೆ ಇರಬಹುದು. ಇನ್ನೊಂದು ಮೋಸದ ಕಾಯಿಲೆ ಲಿವರ್ ಮತ್ತು ಗುಲ್ಮದ ಕ್ಯಾಂಡಿಡಾ ಫಂಗಸ್. ಕಣಗಳು ಏರಿದ ಮೇಲೂ ಜ್ವರ ಬಿಡುವುದಿಲ್ಲ, ಆಲ್ಕಲೈನ್ ಫಾಸ್ಫಟೇಸ್ ಮಾತ್ರ ಏರುತ್ತದೆ. ಕಣ ಇಲ್ಲದ ದಿನಗಳಲ್ಲಿ ಸ್ಕ್ಯಾನ್ ಮಾಡಿದರೆ ಏನೂ ಕಾಣದು. ಉರಿಯೂತ ಮಾಡಲು ಕಣಗಳೇ ಇರುವುದಿಲ್ಲ. ಅವು ಬಂದ ಮೇಲೆ ಮತ್ತೆ ಮಾಡಿದಾಗ ಸಣ್ಣ ಸಣ್ಣ ಮಚ್ಚೆಗಳು ಕಾಣುತ್ತವೆ. ‘ಸ್ಕ್ಯಾನ್ ಆಗಿದೆ, ನಾರ್ಮಲ್’ ಎಂಬ ಹಳೆಯ ಹಾಳೆಯನ್ನು ನಂಬಿ ಕೂರಬಾರದು.

ರಕ್ತದ ಒಂದು ಚೀಲದಲ್ಲಿ 200ರಿಂದ 250 ಮಿ.ಗ್ರಾಂ ಕಬ್ಬಿಣ. ಇಪ್ಪತ್ತು ಚೀಲ ಹತ್ತಿಸಿದರೆ ಒಬ್ಬ ದೊಡ್ಡವರ ಮೈಯಲ್ಲಿ ಒಟ್ಟು ಇರುವಷ್ಟು ಕಬ್ಬಿಣ ಹೆಚ್ಚುವರಿಯಾಗಿ ಸೇರಿತು, ದೇಹಕ್ಕೆ ಅದನ್ನು ಹೊರಹಾಕುವ ದಾರಿ ಇಲ್ಲ. ಚಿಕಿತ್ಸೆ ಮುಗಿದರೂ ಕಿಣ್ವ ಇಳಿಯದಿದ್ದರೆ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ನೋಡಬೇಕು, ಜ್ವರ ಇಲ್ಲದ ದಿನ; ಜ್ವರದಲ್ಲಿ ಅದು ಸುಳ್ಳಾಗಿ ಏರುತ್ತದೆ.

ತೂಕ ಒಂದು ವಾರದಲ್ಲಿ ನೂರಕ್ಕೆ ಐದು ಏರಿ, ಬಲ ಪಕ್ಕೆಯ ಕೆಳಗೆ ನೋವು, ಹೊಟ್ಟೆಯಲ್ಲಿ ನೀರು, ಎಷ್ಟು ಹಾಕಿದರೂ ಪ್ಲೇಟ್‌ಲೆಟ್ ನಿಲ್ಲದಿರುವುದು: ಇವು ಸೇರಿದರೆ ಲಿವರ್‌ನ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುವ ಎಸ್‌ಒಎಸ್. ಮಜ್ಜೆ ಕಸಿ ಆದವರಲ್ಲಿ, ಥಯೊಗ್ವಾನಿನ್, ಇನೊಟುಜುಮ್ಯಾಬ್, ಜೆಮ್ಟುಜುಮ್ಯಾಬ್ ಔಷಧಿ ಪಡೆದವರಲ್ಲಿ ಇದರ ಭಯ. ಬಿಲಿರುಬಿನ್ ಏರುವ ಮೊದಲೇ ತೂಕ ಏರುತ್ತದೆ, ಆದ್ದರಿಂದ ದಿನಾ ಬೆಳಿಗ್ಗೆ ತೂಕ ನೋಡುವುದೇ ಅತಿ ಅಗ್ಗದ ಪರೀಕ್ಷೆ. ಇದಕ್ಕಿರುವ ಡಿಫೈಬ್ರೊಟೈಡ್ ಔಷಧಿ ಬಹಳ ದುಬಾರಿ.

ಕಬ್ಬಿನ ಹಾಲು, ಅಮೃತಬಳ್ಳಿ, ಪರಂಗಿ ಎಲೆ

ಕಣ್ಣು ಹಳದಿಯಾಯಿತೆಂದರೆ ಮಂಡ್ಯದ ಕಡೆ ಮೊದಲು ಕೈಗೆ ಸಿಗುವುದು ಕಬ್ಬಿನ ಹಾಲು. ಕಬ್ಬಿನಲ್ಲಿ ದೋಷವಿಲ್ಲ, ಸಕ್ಕರೆಯ ನೀರು ಅಷ್ಟೇ. ದೋಷ ಗಾಣದ ಹಲ್ಲಿನಲ್ಲಿ, ಐಸಿನಲ್ಲಿ, ಲೋಟ ಅದ್ದುವ ಬಕೀಟಿನಲ್ಲಿ. ಬಿಳಿ ಕಣ ಇಲ್ಲದವರಿಗೆ ಆ ಒಂದು ಲೋಟ ಹೆಪಟೈಟಿಸ್ ಎ ಅಥವಾ ಟೈಫಾಯ್ಡನ್ನು ತಂದುಕೊಡಬಲ್ಲದು. ಸ್ಟೀರಾಯ್ಡ್ ಮತ್ತು ಆಸ್ಪರಾಜಿನೇಸ್ ಎರಡೂ ಸಕ್ಕರೆ ಏರಿಸುತ್ತವೆ, ಅದರ ಮೇಲೆ ಇದು ಬೇರೆ.

ಅಮೃತಬಳ್ಳಿ ಕೊರೊನಾ ಕಾಲದಲ್ಲಿ ಮನೆಮನೆಗೂ ಬಂತು. ಅದನ್ನು ಸೇವಿಸಿದವರಲ್ಲಿ ಆಟೊಇಮ್ಯೂನ್ ಮಾದರಿಯ ಲಿವರ್ ಉರಿಯೂತ ಕಂಡ ವರದಿಗಳು 2021ರಿಂದ ಭಾರತದ ಆಸ್ಪತ್ರೆಗಳಿಂದಲೇ ಬಂದಿವೆ. ಪ್ಲೇಟ್‌ಲೆಟ್‌ಗೆ ಪರಂಗಿ ಎಲೆ ರಸ ಕೊಡುವ ಅಭ್ಯಾಸ ಡೆಂಗಿಯಿಂದ ಇಲ್ಲಿಗೆ ಹರಿದುಬಂದಿದೆ. ಕೀಮೋದಿಂದ ಮಜ್ಜೆಯೇ ಮಲಗಿರುವಾಗ ಅದರಿಂದ ಆಗುವುದು ವಾಂತಿ ಮಾತ್ರ. ಕಾಮಾಲೆಗೆ ನಾಟಿ ಮದ್ದು ಕುಡಿಸಿ ಉಪ್ಪು, ಎಣ್ಣೆ, ಮೊಸರು, ಮೊಟ್ಟೆ ಬಿಡಿಸುವ ಪಥ್ಯ ಇನ್ನೊಂದು ಹಾನಿ. ಆಲ್ಬುಮಿನ್ 2.2 ಇರುವ ಮಗುವಿಗೆ ಬೇಕಾಗಿರುವುದು ಚೆನ್ನಾಗಿ ಬೆಂದ ಮೊಟ್ಟೆ, ಬಿಸಿ ಮುದ್ದೆ, ಬೇಳೆ ಸಾರು. ಎಣ್ಣೆ ಕಟ್ಟುವುದು ಮೇದೋಜೀರಕ ಊದಿದಾಗ ಅಥವಾ ಟ್ರೈಗ್ಲಿಸರೈಡ್ ಸಾವಿರ ಮುಟ್ಟಿದಾಗ ಮಾತ್ರ. ಬರೆ ಹಾಕಿಸುವುದಂತೂ ಸೋಂಕಿಗೆ ಬಾಗಿಲು ತೆಗೆದಂತೆ. ಹಾಗೆಂದು ಇಂಗ್ಲಿಷ್ ಔಷಧಿಯ ‘ಲಿವರ್ ಟಾನಿಕ್’ಗಳನ್ನೂ ಹೊಗಳಬೇಕಿಲ್ಲ. ಕಾರಣ ಹುಡುಕದೆ ಬಾಟಲಿ ಬರೆದುಕೊಟ್ಟರೆ ಮನೆಯವರಿಗೆ ಸಮಾಧಾನ, ಕಾಯಿಲೆಗೆ ಸಮಯ.

ಪ್ಯಾರಾಸಿಟಮಾಲ್ ಕಿಲೋಗೆ 10ರಿಂದ 15 ಮಿ.ಗ್ರಾಂ ಒಂದು ಸಲಕ್ಕೆ, ಆರು ಗಂಟೆ ಅಂತರದಲ್ಲಿ. ಊಟ ಬಿಟ್ಟು ಸೊರಗಿದ ಮಗುವಿನಲ್ಲಿ ಅಷ್ಟೂ ಹೆಚ್ಚಾಗಬಹುದು. ನೆಗಡಿಯ ಸಿರಪ್ಪಿನಲ್ಲೂ ಅದೇ ಇರುತ್ತದೆ, ಎರಡೂ ಕೊಟ್ಟರೆ ಡೋಸ್ ಇಮ್ಮಡಿ. ಮುಖ್ಯವಾಗಿ 100.4 ಡಿಗ್ರಿ ಜ್ವರ ಬಂದ ಕೀಮೋ ರೋಗಿಗೆ ಮನೆಯಲ್ಲಿ ಮಾತ್ರೆ ಕೊಟ್ಟು ಬೆಳಗಾಗಲೆಂದು ಕಾಯುವುದಲ್ಲ; ಮಂಡ್ಯದ ಮಿಮ್ಸ್ ಆಗಲಿ ಮೈಸೂರಿನ ಕೆ.ಆರ್. ಆಸ್ಪತ್ರೆಯಾಗಲಿ, ಹತ್ತಿರದ ದೊಡ್ಡಾಸ್ಪತ್ರೆಗೆ ಆ ರಾತ್ರಿಯೇ ಹೋಗಬೇಕು.

ತಜ್ಞರಿಗೆ ಫೋನ್ ಮಾಡುವಾಗ

ರಿಪೋರ್ಟಿನ ಫೋಟೊ ಒಂದನ್ನೇ ಕಳಿಸಿ ‘ಸರ್, ಲಿವರ್ ಜಾಸ್ತಿ ಇದೆ’ ಎಂದರೆ ಆ ಕಡೆಯವರಿಗೆ ತೀರ್ಮಾನಿಸಲು ಏನೂ ಇಲ್ಲ. ಚಿಕಿತ್ಸೆಯ ಯಾವ ವಾರ, ಕೊನೆಯ ಆಸ್ಪರಾಜಿನೇಸ್ ಯಾವ ತಾರೀಖು, ಡೈರೆಕ್ಟ್ ಬಿಲಿರುಬಿನ್ ಎಷ್ಟು, ಹಿಂದಿನ ಎರಡು ಎಸ್‌ಜಿಪಿಟಿ ಎಷ್ಟು, ನ್ಯೂಟ್ರೊಫಿಲ್ ಎಷ್ಟು, ಜ್ವರ ಇದೆಯೇ, ಮೂತ್ರ ಕಡು ಹಳದಿಯೇ, ಇತ್ತೀಚೆಗೆ ಸೇರಿದ ಮಾತ್ರೆ ಯಾವುದು, ಮನೆಮದ್ದು ಏನಾದರೂ ಕೊಟ್ಟಿದ್ದೀರಾ. ಕೊನೆಯದನ್ನು ಮುಚ್ಚಿಡುವುದು ಸಹಜ, ಬೈಯುತ್ತಾರೆಂಬ ಅಂಜಿಕೆ. ಬೈಯುವ ವೈದ್ಯರಿಗೂ ಇದರಲ್ಲಿ ಪಾಲಿದೆ. ಹಾಗೆ ಮುಚ್ಚಿಟ್ಟ ಒಂದು ಕಷಾಯದ ಕಾರಣಕ್ಕೆ ಮಗುವಿನ 6-ಎಂಪಿ ತಿಂಗಳುಗಟ್ಟಲೆ ನಿಂತುಬಿಡಬಹುದು.

ಮಾತ್ರೆ ನಿಲ್ಲಿಸಲು ಹೇಳಿದರೆ ಎಷ್ಟು ದಿನಕ್ಕೆ, ಯಾವ ಅಂಕಿ ಬಂದರೆ ಮತ್ತೆ ಶುರು, ಎಷ್ಟು ಡೋಸಿನಿಂದ ಎಂಬುದನ್ನು ಆ ಫೋನಿನಲ್ಲೇ ಕೇಳಿ ಪುಸ್ತಕದಲ್ಲಿ ಬರೆದಿಡಬೇಕು. ಸಾಮಾನ್ಯವಾಗಿ ವಾರಕ್ಕೊಮ್ಮೆ ಪರೀಕ್ಷೆ, ಇಳಿದ ಮೇಲೆ ಅರ್ಧ ಡೋಸ್, ಎರಡು ವಾರ ನೋಡಿ ಮುಕ್ಕಾಲು, ಆಮೇಲೆ ಪೂರ್ತಿ. ‘ಸ್ವಲ್ಪ ದಿನ ನಿಲ್ಲಿಸಿ’ ಎಂಬ ಮಾತಿಗೆ ತಾರೀಖು ಬರೆಯದಿದ್ದರೆ ಅದು ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಎಳೆಯುತ್ತದೆ, ಅದು ಒಂದೂವರೆ ತಿಂಗಳ ಆಚೆ ಇರಬಹುದು.